ಸದ್ದಿಲ್ಲದ ಹೇಸರಗತ್ತೆಗಳು

ಕಂಪಲಾಪುರ
೮ ಅಕ್ಟೋಬರ್ ೧೯೪೪

ಪ್ರೀತಿಯ ದೇವಣ್ಣಾ,

ನಿನ್ನ ತಂಗಿ ಸುನಂದಳ ನಮಸ್ಕಾರ. ಹೇಗಿದ್ದೀಯೆ? ನಿನಗೆ ಜ್ವರವೆಂದು ಬೆಂಗಳೂರಿನ ಆಸ್ಪತ್ರೆಯಿಂದ ಕಾರ್ಡು ಬಂದಾಗಿನಿಂದ ಅವ್ವ ಸರಿಯಾಗಿ ಉಂಡಿಲ್ಲ. ಅಲ್ಲಿ ಹಿಟ್ಟು ಸಿಗುತ್ತದೋ, ಬರೀ ಬ್ರೆಡ್ಡೋ? ನಿನ್ನ ಕೆಂದಿ ಕರು ಹಾಕಿದೆ. ಸಂಜೆ ನೀನು ಕೂಗಿದರೆ ಕೆರೆಯಂಗಳದಿಂದ ಓಡಿ ಬರುತ್ತಿತ್ತಲ್ಲ, ಈಗ ಯಾರು ಕೂಗಿದರೂ ಏಳುವುದಿಲ್ಲ. ನಾನೇ ಹೋಗಿ ಎಳೆದು ತರಬೇಕು.

ನೆನ್ನೆ ಸೈನ್ಯದಲ್ಲಿ ಸಾಮಾನು ಹೊರಿಸುವ ನಿನ್ನ ಹೇಸರಗತ್ತೆ ಕಂಪನಿಯ ಹುಣಸೂರಿನ ನಜೀರ್, ಸಣ್ಣಬೀರಯ್ಯ ಇಬ್ಬರೂ ರಜೆಯ ಮೇಲೆ ಬಂದವರು ಮನೆಗೆ ಬಂದಿದ್ದರು. ಕೋಳಿಯನ್ನು ನಜೀರನೇ ಕೊಯ್ದ, ಅವ್ವ ಸಾರು ಮಾಡಿದಳು. ಯುದ್ಧ ಬೇಡವೆನ್ನುವ ಕರಪತ್ರಗಳನ್ನು ಓದಿ ಓದಿ ಕಾದಿದ್ದವಳು ನಾನು, ಇಬ್ಬರಿಗೂ ನಾಲ್ಕು ಮಾತು ಹೇಳಬೇಕೆಂದಿದ್ದೆ. ಅವರು ನಗಿಸಿ ನಗಿಸಿ ನನ್ನ ಬಾಯಿ ಕಟ್ಟಿಬಿಟ್ಟರು. ಬರ್ಮಾದ ಕಾಡಿನಲ್ಲಿದ್ದ ನಿಮ್ಮ ಠಾಣೆಯ ಮೇಲೆ ದಿನಾ ಚಹಾದ ಹೊತ್ತಿಗೇ ಮಾರ್ಟರ್ ಗುಂಡು ಬೀಳುತ್ತಿತ್ತಂತೆ. "ಜಪಾನಿನವ ಬೀಗರೂಟಕ್ಕೆ ಕರೀತಾವ್ನೆ, ಏಳ್ಲಾ" ಎಂದು ಒಬ್ಬರನ್ನೊಬ್ಬರು ಕಂದಕಕ್ಕೆ ತಳ್ಳುತ್ತಿದ್ದಿರಂತೆ. ಸಣ್ಣಬೀರಯ್ಯ ಒಲೆಯ ಮೇಲಿನ ಬೋಸಿಯನ್ನೇ ತಲೆಗೆ ಕವುಚಿಕೊಂಡು ಹಾರಿದನಂತೆ. ಅದರಲ್ಲಿ ಬೇಳೆ ಇದ್ದದ್ದು ಮರೆತೇಹೋಗಿತ್ತು. "ಗುಂಡು ಏನೂ ಮಾಡ್ನಿಲ್ಲ, ಬೇಳೆ ಸುಟ್ಟಾಕ್ತು ಕಣವ್ವಾ" ಎಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆಮೇಲೆ ನಜೀರ್, ಗುಂಡು ಬಿದ್ದಾಗ ಹೇಸರಗತ್ತೆ ಹೇಗೆ ಬೆದರುತ್ತದೆಂದು ತೋರಿಸಿದ. ಕತ್ತು ಚಾಚಿ, ತುಟಿ ಮಡಚಿ, ಬಾಯಿ ಇಷ್ಟಗಲ ತೆಗೆದ. ಸದ್ದಿಲ್ಲ. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಸದ್ದು ಯಾಕಿಲ್ಲ ಎಂದು ಕೇಳಿದವಳೂ ನಾನೇ. "ಕೂಗಿದ್ರೆ ವೈರಿಗೆ ಜಾಗ ಗೊತ್ತಾಯ್ತದಲ್ಲ ತಂಗ್ಯವ್ವಾ. ಹೊರಡಾಕೆ ಮೊದ್ಲೇ ಎಲ್ಲದರ ಗಂಟಲೂ ಕುಯ್ದು ದನಿ ತೆಗೆಸಿದ್ರು. ತಲೆ ಹಿಡ್ಕಳಾಕೆ ನಿಮ್ಮಣ್ಣನ್ನೇ ಕರೆಯೋರು. ಅವನು ಸವರಿದ್ರೆ ಸುಮ್ಕಿರ್ತಿದ್ವು" ಎಂದ ನಜೀರ್.

ಅಣ್ಣಾ, ಸಾಮ್ರಾಜ್ಯಶಾಹಿ ಎಂಬ ಪದವನ್ನು ಎಷ್ಟು ಕಡೆ ಓದಿದ್ದೇನೆ, ಎಷ್ಟು ಜನರ ಮುಂದೆ ಆಡಿದ್ದೇನೆ. ಅದರೊಳಗೆ ಇಂಥದ್ದು ಇರುತ್ತದೆಂದು ಯಾವ ಕರಪತ್ರವೂ ಹೇಳಿರಲಿಲ್ಲ. ಕೈಲಿದ್ದ ತುತ್ತು ಕೈಲೇ ಉಳಿಯಿತು.

ಅಂಗಳದಲ್ಲಿ ಕೈಗೆ ನೀರು ಹಾಕುವಾಗ ನಜೀರ್ ಮೆಲ್ಲಗೆ ಹೇಳಿದ. ಅವನ ಮುಖದಿಂದ ಆ ನಗು ಇನ್ನೂ ಹೋಗಿರಲಿಲ್ಲ. "ಬರೋವಾಗ ಆಸ್ಪತ್ರೇಲಿ ನೋಡ್ಕಂಡೇ ಬಂದೆ, ಜ್ವರ ಏನೂ ಇಲ್ಲ ತಂಗ್ಯವ್ವಾ. ಕತ್ತೆ ಸಾಲಿನ ಮ್ಯಾಲೆ ಗುಂಡು ಬಿದ್ದ ದಿನದಿಂದ ನಿಮ್ಮಣ್ಣಾನೂ ಅಂಗೇ ಬಾಯಿ ತೆಗೀತಾನೆ, ಸದ್ದು ಬರಾಕಿಲ್ಲ. ಡಾಕ್ಟ್ರು ನಾಟಕ ಅಂತಾರೆ. ಹಿಂದೆ ನಿಂತು ತಟ್ಟೆ ಬೀಳಿಸ್ತಾರೆ, ಸೂಜಿ ಚುಚ್ತಾರೆ. ಒಂದು ಮಾತು ಆಡಿದ್ನೋ, ವಾಪಸ್ ಬರ್ಮಾಕ್ಕೆ." ಚೆಂಬು ನನ್ನ ಕೈಯಿಂದ ಜಾರಿತು. ಒಳಗಿನಿಂದ ಅವ್ವ ಏನದು ಎಂದು ಕೇಳಿದಳು. ಏನಿಲ್ಲ ಎಂದೆ.

ಅವ್ವನ ಆಶೀರ್ವಾದ. ಕರುವಿಗೆ ಇನ್ನೂ ಹೆಸರಿಟ್ಟಿಲ್ಲ, ನೀನೇ ಬಂದು ಇಡಬೇಕು.

ನಿನ್ನ ತಂಗಿ,
ಸುನಂದ

ಮತ್ತೆ: ಇದನ್ನು ಟಪಾಲಿಗೆ ಹಾಕಿಲ್ಲ. ನಾಳೆ ಬೆಂಗಳೂರಿಗೆ ಹೊರಟಿರುವ ನಜೀರನ ಕೈಲಿ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು. ಮುಂದಿನ ಸೋಮವಾರ ಅವ್ವ, ಶಿವನಂಜಪ್ಪ ಮಾವನ ಜೊತೆ ನಿನ್ನನ್ನು ನೋಡಲು ಬರುತ್ತಾಳೆ. ಬೇಡವೆಂದರೂ ಕೇಳಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ. ನಿನ್ನ ದನಿ ನಿಜವಾಗಿ ಹೋಗಿದೆಯೋ ಇಲ್ಲವೋ, ನಾನು ಕೇಳುವುದಿಲ್ಲ. ಸತ್ಯವನ್ನೇ ಆಡಬೇಕೆಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು, ನನಗೆ ಗೊತ್ತಾಗುವುದೇ ಬೇಡ. ಅವಳು ಬಂದಾಗ ಡಾಕ್ಟರು ಪಕ್ಕದಲ್ಲೇ ನಿಂತಿರುತ್ತಾರೆ. ಅವಳು ಅತ್ತರೂ, ಬೈದರೂ, ನಿನ್ನ ಗದ್ದ ಹಿಡಿದು ಕೇಳಿದರೂ, ಅವ್ವಾ ಎನ್ನಬೇಡ.