ಪ್ರತಿಜ್ಞೆಯ ವಿಡಿಯೊ ಮೊದಲು ಅಳಿಸಿ

ಮಕ್ಕಳಿಗೆ ಪ್ರತಿಜ್ಞೆ ಬೋಧಿಸಿದ ಮಾನ್ಯ ಶಿಕ್ಷಣಾಧಿಕಾರಿಗಳೇ,

‘ಮೊಬೈಲ್ ಮುಟ್ಟುವುದಿಲ್ಲ’ ಎಂದು ನಮ್ಮ ಮಕ್ಕಳಿಂದ ಪ್ರತಿಜ್ಞೆ ಮಾಡಿಸಿ, ಅದನ್ನು ಮೊಬೈಲಿನಲ್ಲೇ ವಿಡಿಯೊ ಮಾಡಿ ಕಳಿಸಿರೆಂದು ಪೋಷಕರಿಗೆ ಆಜ್ಞಾಪಿಸಿದಿರಿ. ಆಮೇಲೆ ಹೆಸರು, ತರಗತಿ, ಊರು ಸಮೇತ ಲೋಕವೆಲ್ಲ ನೋಡುವಂತೆ ನಿಮ್ಮ ಪುಟದಲ್ಲಿ ಹಾಕಿದಿರಿ. ಕೆಳಗೆ ಪೋಷಕರ ನಂಬರು ಬೇರೆ, ಕಡ್ಡಾಯವಂತೆ! ಅದನ್ನು ಹಿಡಿದುಕೊಂಡೇ ಒಬ್ಬ ಅಪರಿಚಿತ ನನ್ನ ಮೊಮ್ಮಗಳ ಬೆನ್ನುಬಿದ್ದ. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಬೇಕಾದರೆ ನಿಮ್ಮ ಪುಟದಲ್ಲಿದೆ. ಹದಿಮೂರು ವರ್ಷದ ಮಗು ಸ್ವಾಮಿ.

ಮನೆಗೆಲ್ಲ ಇರುವುದು ನನ್ನದೊಂದೇ ಫೋನು. ‘ವಿಜ್ಞಾನ ಸ್ಪರ್ಧೆಗೆ ಆಯ್ಕೆಯಾಗಿದ್ದೀಯ, ಫೋಟೊ ಕಳಿಸು’ ಎಂದು ಅದಕ್ಕೆ ಸಂದೇಶ ಬಂತು. ಸಮವಸ್ತ್ರದ ಫೋಟೊ ಕಳಿಸಿದಳು. ಮಾರನೆಯ ದಿನ ಆ ಹಾಳಾದವನು ಬೇರೆ ಥರದ ಫೋಟೊ ಕೇಳಿ, ಕೊಡದಿದ್ದರೆ ಸಮವಸ್ತ್ರದ ಫೋಟೊವನ್ನೇ ಅಸಹ್ಯವಾಗಿ ತಿದ್ದಿ ಹಂಚುತ್ತೇನೆಂದು ಹೆದರಿಸಿದ. ಅವಳು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು, ಅವನನ್ನು ಬ್ಲಾಕ್ ಮಾಡಿ, ನೇರ ಮುಖ್ಯೋಪಾಧ್ಯಾಯರ ಮುಂದೆ ಫೋನಿಟ್ಟಳು. ನಾನು ಕರೆದೊಯ್ದಾಗ ಹಾಸನದಲ್ಲಿ ದೂರು ಬರೆದುಕೊಂಡ ಪೊಲೀಸರು ಅವಳಿಗೆ ಶಹಬ್ಬಾಸ್ ಎಂದರು. ಮುಖ್ಯೋಪಾಧ್ಯಾಯರು ಏನಂದರು ಗೊತ್ತೇ? “ಪ್ರತಿಜ್ಞೆ ಮಾಡ್ಬುಟ್ಟು ಫೋನ್ ಯಾಕಮ್ಮ ಮುಟ್ದೆ?” ನಿಮ್ಮ ಸುತ್ತೋಲೆಯಂತೆ ಹದಿನೈದು ದಿನ ತರಗತಿಯಿಂದ ಹೊರಗೆ. ಎಂಥ ನ್ಯಾಯ!

ಹೋದ ತಿಂಗಳು ಇದೇ ಫೋನಿನಲ್ಲಿ ಚನ್ನರಾಯಪಟ್ಟಣದ ಪಶುವೈದ್ಯರಿಗೆ ಕೆಚ್ಚಲು ಬಾವು ತೋರಿಸಿ ನಮ್ಮ ಹಸು ಉಳಿಸಿದ್ದಳು. ಅಂದು ಬೀದಿಗೆಲ್ಲ ಹೇಳಿಕೊಂಡು ಬಂದ ನನ್ನ ಹೆಂಡತಿ ಈಗ, “ಆ ಫೋನ್ನ ಬಾವಿಗ್ ಎಸೀರಿ” ಅನ್ನುತ್ತಾಳೆ. ಮೊಮ್ಮಗಳು ಕೇಳುವುದೇ ಬೇರೆ: “ತಾತ, ನಾನು ಯಾರ್ಗೂ ಏಳ್ದೆ ಸುಮ್ಕಿದ್ದಿದ್ರೆ ಇಸ್ಕೂಲ್ಗೆ ಓಗ್ಬೋದಿತ್ತು, ಅಲ್ವಾ?” ನೀವೇ ಉತ್ತರ ಹೇಳಿ. ಮನೆ ಮುಂದೆ ಯಾವ ಬೈಕು ನಿಂತರೂ ಎದ್ದು ಹೋಗಿ ನೋಡುತ್ತೇನೆ.

ಆ ವಿಡಿಯೊಗಳನ್ನು ಇವತ್ತೇ ತೆಗೆಯಿರಿ, ಎಲ್ಲ ಮಕ್ಕಳದ್ದೂ. ಸೋಮವಾರ ಅವಳು ತರಗತಿಯಲ್ಲಿರಬೇಕು. ಫೋನು ಹಿಡಿದವರನ್ನು ಹೊರಗಟ್ಟುವ ಬದಲು, ಹೆದರಿಸಿದವನನ್ನು ಎದುರಿಸುವುದು ಹೇಗೆಂದು ಅವಳಿಂದಲೇ ಉಳಿದವರಿಗೆ ಹೇಳಿಸಿ.

ಅಂದು ಫೋನು ಹಿಡಿದು ಆ ಪ್ರತಿಜ್ಞೆಯ ವಿಡಿಯೊ ಮಾಡಿದವನು ನಾನೇ. ಅವಳು ಹೆಸರಷ್ಟೇ ಹೇಳಿ ನಿಂತಾಗ, “ಊರೂ ಏಳವ್ವ, ಗಟ್ಟಿಯಾಗ್ ಏಳು” ಎಂದವನೂ ನಾನೇ. ನಿಮ್ಮ ಪುಟದಲ್ಲಿ ಆ ದನಿ ಇನ್ನೂ ಕೇಳಿಸುತ್ತಿದೆ.

ಇಂತಿ,
ಮೂವತ್ತೆಂಟು ವರ್ಷ ಊರವರ ಕಾಗದಗಳನ್ನು ಜೋಪಾನ ಮಾಡಿ, ಮೊಮ್ಮಗಳ ವಿಳಾಸವನ್ನು ಮಾತ್ರ ಲೋಕಕ್ಕೆಲ್ಲ ಬಟವಾಡೆ ಮಾಡಿದ ಒಬ್ಬ ನಿವೃತ್ತ ಅಂಚೆಯವ.
ಊರು: ಈ ಸಲ ಹೇಳುವುದಿಲ್ಲ.