ಅರ್ಧ ಲೋಟ ಎಣ್ಣೆ

೪ ಮಾರ್ಚ್ ೧೯೯೬, ಸೋಮವಾರ

ಆರೂಕಾಲಿಗೇ ಮನೆ ಬಿಟ್ಟೆ. ಮನೆ ಇರುವ ಹೌಗಾಂಗಿನಿಂದ ದ್ವೀಪದ ಇನ್ನೊಂದು ತುದಿಯಲ್ಲಿ ಫ್ಯಾಕ್ಟರಿ ಇರುವ ಟುವಾಸ್‌ಗೆ ನಲವತ್ತೆಂಟು ನಿಮಿಷ. ಬಸ್ಸು, ಎಂಆರ್‌ಟಿ ರೈಲು, ಮತ್ತೆ ಬಸ್ಸು ಅಂತ ಹೋದರೆ ಒಂದೂಮುಕ್ಕಾಲು ಗಂಟೆ. ಈ ವಾರ ಕಂಪನಿಯ ಪಿಕಪ್ ಗಾಡಿ ನನ್ನ ಕೈಯಲ್ಲಿ. ಡ್ರೈವರ್ ಸೇತುರಾಮ್ ರಜ ಹಾಕಿದ್ದಾರೆ, ಹೆಂಡತಿಗೆ ಕಣ್ಣಿನ ಆಪರೇಷನ್. ಬಾಸ್ ಮಿಸ್ಟರ್ ಟಿಯೋ ಬೇರೆ ಡ್ರೈವರನ್ನು ಹುಡುಕಲು ಹೊರಟಿದ್ದರು. ಯಾಕೆ, ನಾನಿಲ್ವಾ ಅಂದೆ. "ಪಿಕಪ್ಪಾ? ನೀನಾ?" ಅಂತ ನಕ್ಕರು. ಮೈಸೂರಲ್ಲಿ ಮೆಕ್ಯಾನಿಕಲ್ ಓದುವಾಗ ಇಡೀ ಕ್ಲಾಸಿಗೆ ನಾನೊಬ್ಬಳೇ ಹುಡುಗಿ. ಇಂಥ ನಗೆಗೆ ಉತ್ತರ ಕೊಡುವುದು ಬಿಟ್ಟು ಹದಿನೈದು ವರ್ಷ ಆಯಿತು. ಕೀ ಇಸಕೊಂಡೆ, ಅಷ್ಟೆ.

ಮಧ್ಯಾಹ್ನ ಬಾನೆಟ್ ಎತ್ತಿ ನೋಡಿದೆ. ಇಂಜಿನ್ ಆಯಿಲ್ ಸರಿ, ನೀರು ಸರಿ. ಬ್ರೇಕ್ ಆಯಿಲ್ ಮಾತ್ರ ಗೆರೆಗಿಂತ ಕೆಳಗೆ. ಸ್ಟೋರಿನಲ್ಲಿ ಅದರ ಬಾಟಲಿ ಖಾಲಿ. ಪಕ್ಕದಲ್ಲೇ ನಮ್ಮ ಪ್ರೆಸ್ ಮಷೀನಿಗೆ ಹಾಕುವ ಆಯಿಲ್ ಡ್ರಮ್ ಇತ್ತು. ಅರ್ಧ ಲೋಟ ತೆಗೆದು ಸುರಿದೆ. ಪ್ರೆಸ್ಸೂ ಹೈಡ್ರಾಲಿಕ್, ಬ್ರೇಕೂ ಹೈಡ್ರಾಲಿಕ್. ತತ್ವ ಒಂದೇ, ಎಣ್ಣೆಯ ಒತ್ತಡ. ಐದು ನಿಮಿಷದ ಕೆಲಸ. ಇದಕ್ಕೂ ವರ್ಕ್‌ಶಾಪಿಗೆ ಓಡುವ ಜನ ಇದ್ದಾರೆ...

೬ ಮಾರ್ಚ್, ಬುಧವಾರ

ಉಬಿ ಏರಿಯಾದಲ್ಲಿ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶಾಪಿಗೆ ಸ್ಯಾಂಪಲ್ ಕೊಟ್ಟು ಬಂದೆ. ಕಿರಿದಾದ ಗೇಟು. ಮೂವರು ಗಂಡಸರು ಸಿಗರೇಟು ಹಿಡಿದು ನೋಡುತ್ತಾ ನಿಂತರು. ಒಂದೇ ಸಲಕ್ಕೆ ರಿವರ್ಸ್ ತೆಗೆದೆ. ಒಬ್ಬ ಸಿಗರೇಟು ಸೇದುವುದನ್ನೇ ಮರೆತ.

೯ ಮಾರ್ಚ್, ಶನಿವಾರ

ಅರ್ಧ ದಿನ ಕೆಲಸ. ಸಂಜೆ ಮಗಳು ಗಗನಾಳನ್ನು ಪಿಕಪ್‌ನಲ್ಲಿ ಕೂರಿಸಿಕೊಂಡು ತರಕಾರಿಗೆ ಹೋದೆ. ಕಾರ್‌ಪಾರ್ಕಿನ ನಾಲ್ಕನೇ ಮಹಡಿಯಿಂದ ಸುತ್ತಿ ಸುತ್ತಿ ಇಳಿಯುವಾಗ ಅವಳಿಗೆ ಖುಷಿಯೋ ಖುಷಿ. "ಅಮ್ಮಾ, ಇನ್ನೂ ಫಾಸ್ಟ್ ಲಾ!" ಬ್ರೇಕ್ ಪೆಡಲ್ ಸ್ವಲ್ಪ ಮೆತ್ತಗೆ ಅನ್ನಿಸಿತು. ಎರಡು ಸಲ ಒತ್ತಿದರೆ ಸರಿಹೋಗುತ್ತೆ. ಹಳೇ ಗಾಡಿ.

ಬದರಿ ಕೇಳಿದರು, "ನಮ್ಮ ಬ್ಯಾಂಕಿನವರಿಗೆ ನನ್ನ ಹೆಂಡ್ತಿ ಲಾರಿ ಓಡಿಸ್ತಾಳೆ ಅಂತ ಹೇಳ್ಲಾ?" ಹೇಳ್ರೀ ಅಂದೆ.

೧೧ ಮಾರ್ಚ್, ಸೋಮವಾರ

ಸೇತುರಾಮ್ ವಾಪಸ್. ಐವತ್ತೇಳು ವಯಸ್ಸು. ಇಲ್ಲೇ ಹುಟ್ಟಿದವರು. ಅವರ ಅಪ್ಪ ಕೋಲಾರದ ಕಡೆಯಿಂದ ಬಂದು ನೇವಲ್ ಬೇಸ್‌ನಲ್ಲಿ ಕೆಲಸಕ್ಕಿದ್ದರಂತೆ. ಇಡೀ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕನ್ನಡ ಆಡುವವರು ಇವರೊಬ್ಬರೇ. ಗಾಡಿ ಹತ್ತಿ ಗೇಟಿನವರೆಗೆ ಹೋಗಿ ವಾಪಸ್ ಬಂದರು.

"ಮೇಡಂ, ಪೆಡಲ್ ಬೆಣ್ಣೆ ಥರ ಹೋಗ್ತದೆ. ನಾ ಬಿಟ್ಟು ಹೋಗೋವಾಗ ಕಲ್ಲಿನಂಗಿತ್ತು. ಯಾರಾದ್ರೂ ಏನಾದ್ರೂ ಮಾಡಿದ್ರಾ?"

"ಆಯಿಲ್ ಟಾಪ್ ಅಪ್ ಮಾಡಿದೆ. ಲೈನಲ್ಲಿ ಗಾಳಿ ಸೇರಿರಬೇಕು."

"ಉಬಿಯಲ್ಲಿ ಮೆಕ್ಯಾನಿಕ್ ಲಿಮ್ ಇದಾನಲ್ಲ, ಒಂದ್ಸಲ ತೋರಿಸ್ಬಿಡೋಣ."

"ಬೇಡ. ಇಲ್ಲೇ ಮಾಡೋಣ."

ಮೆಂಟೆನೆನ್ಸ್ ನನ್ನ ಕೈಕೆಳಗಿನ ಸೆಕ್ಷನ್. ಬ್ರೇಕ್ ಆಯಿಲ್ ಹೊಸ ಬಾಟಲಿ ತರಿಸಿ, ನಾನೇ ನಿಂತು ಗಾಳಿ ತೆಗೆಸಿದೆ. ಒಬ್ಬ ಪೆಡಲ್ ಒತ್ತುವುದು, ಇನ್ನೊಬ್ಬ ಚಕ್ರದ ಹತ್ತಿರ ಗಾಳಿ ಬಿಡುವ ನಿಪ್ಪಲ್ ಬಿಚ್ಚುವುದು. ಗುಳ್ಳೆ ಬಂತು. ಪೆಡಲ್ ಮೇಲೆ ಬಂತು. ನಾನು ಹೇಳಲಿಲ್ಲವಾ? ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ರಬ್ಬರ್ ಮಾತ್ರ ಸರಿಯಾಗಿ ಕೂರಲಿಲ್ಲ. ಒತ್ತಿ ಕೂರಿಸಿದೆ.

ಸೇತುರಾಮ್ ಕೀ ಇಸಕೊಂಡು ಹೋದರು. ಅವರಿಗೆ ವರ್ಕ್‌ಶಾಪಿನ ಮೇಲೆ ಇರುವ ನಂಬಿಕೆ ಇಂಜಿನಿಯರ್ ಮೇಲೆ ಇಲ್ಲ.

೧೩ ಮಾರ್ಚ್, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ. ಸೇತುರಾಮ್ ಲೋಡ್ ಹಾಕಿಕೊಂಡು ಫ್ಯಾಕ್ಟರಿಯ ಇಳಿಜಾರು ರಾಂಪ್ ಇಳಿಯುತ್ತಿದ್ದರು. ಪೆಡಲ್ ನೆಲಕ್ಕೇ ಹೋಯಿತಂತೆ. ಕೆಳಗೆ ಪ್ಯಾಕಿಂಗ್ ಹೆಂಗಸರು ನಾಲ್ಕು ಜನ ಟೀ ಬ್ರೇಕಿಗೆ ಕೂತಿದ್ದರು. ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗ್ ಗೋಡೆಯ ಕಡೆ ತಿರುಗಿಸಿ, ಖಾಲಿ ಪ್ಯಾಲೆಟ್ ರಾಶಿಗೆ ಹೊಡೆದು ನಿಲ್ಲಿಸಿದರು. ಅವರ ಮೊಣಕಾಲಿಗೆ ಪೆಟ್ಟು. ಹೆಂಗಸರಿಗೆ ಏನೂ ಆಗಲಿಲ್ಲ. ನಾನು ಓಡಿ ಹೋದಾಗ ಸೀಟಿನಲ್ಲೇ ಕೂತು ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿದ್ದರು. ಬಿಡಿಸಲು ಇಬ್ಬರು ಬೇಕಾಯಿತು.

ಮಿಸ್ಟರ್ ಟಿಯೋ ಕೂಗಾಡಿದರು. ವಯಸ್ಸಾಯಿತು, ರಿಫ್ಲೆಕ್ಸ್ ಇಲ್ಲ, ಮನೆಗೆ ಕಳಿಸಬೇಕು.

ನನಗೂ ಅನ್ನಿಸಿತು — ಲೋಡ್ ಇರುವಾಗ ಫಸ್ಟ್ ಗೇರಿನಲ್ಲಿ ಇಳಿಯಬೇಕಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಆದರೆ ಎರಡೇ ದಿನದಲ್ಲಿ ಮತ್ತೆ ಯಾಕೆ ಮೆತ್ತಗಾಯಿತು? ಎಲ್ಲೂ ಲೀಕ್ ಇಲ್ಲ. ಬಗ್ಗಿ, ನಾಲ್ಕೂ ಚಕ್ರದ ಹಿಂದೆ ಕೈ ಹಾಕಿ ನೋಡಿದೆ. ಒಣಗಿದೆ.

೧೪ ಮಾರ್ಚ್, ಗುರುವಾರ

ಗಾಡಿಯನ್ನು ಟೋ ಮಾಡಿಸಿ ಉಬಿಗೆ. ನಾನು, ಮಿಸ್ಟರ್ ಟಿಯೋ ಹೋಗಿದ್ದೆವು.

ಲಿಮ್ ಅರವತ್ತರ ಮುದುಕ, ಬನಿಯನ್ನು, ಚಪ್ಪಲಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿದ. ಒಳಗಿನ ರಬ್ಬರ್ ಎತ್ತಿ ಹಿಡಿದ. ಹಪ್ಪಳ ಕರಿದಾಗ ಏಳುವ ಹಾಗೆ ಅಂಚೆಲ್ಲಾ ಉಬ್ಬಿ ಸೊಟ್ಟಗಾಗಿತ್ತು. ಆಯಿಲನ್ನು ಎರಡು ಬೆರಳ ಮಧ್ಯೆ ಉಜ್ಜಿದ. ಮೂಸಿದ. ಒಳಗೆ ಹೋಗಿ ಒಂದು ಲೋಟ ನೀರು ತಂದು ಅದಕ್ಕೆ ನಾಲ್ಕು ಹನಿ ಬಿಟ್ಟ.

ತೇಲಿತು.

ಬ್ರೇಕ್ ಆಯಿಲ್ ನೀರಲ್ಲಿ ಬೆರೆಯುತ್ತೆ. ಇದು ಬೆರೆಯಲಿಲ್ಲ. "ಮಷೀನ್ ಆಯಿಲ್," ಅಂದ ಲಿಮ್. ಈ ಎಣ್ಣೆ ಬ್ರೇಕಿನ ರಬ್ಬರನ್ನು ತಿನ್ನುತ್ತೆ, ಸೀಲ್ ಎಲ್ಲಾ ಊದಿ ಹಾಳಾಗುತ್ತೆ, ಎಷ್ಟು ಗಾಳಿ ತೆಗೆದರೂ ಪ್ರಯೋಜನ ಇಲ್ಲ, ಒಂದೂ ಬಿಡದೆ ಬದಲಾಯಿಸಬೇಕು ಅಂದ. ಆಮೇಲೆ ನಮ್ಮಿಬ್ಬರನ್ನೂ ನೋಡಿ, "ಹಾಕಿದ್ದು ಯಾರು?"

"ಇನ್ಯಾರು, ಡ್ರೈವರ್," ಅಂದರು ಮಿಸ್ಟರ್ ಟಿಯೋ.

ನಾನು ಲೋಟ ನೋಡುತ್ತಾ ನಿಂತಿದ್ದೆ. ಬಾಯಿ ಬಿಡಲಿಲ್ಲ.

೧೫ ಮಾರ್ಚ್, ಶುಕ್ರವಾರ

ಆಫೀಸ್. ಮನೆ. ತಲೆನೋವು ಅಂದೆ, ಗಗನಾ ಹಣೆಗೆ ಬಾಮ್ ಹಚ್ಚಿದಳು. ಪುಟ್ಟ ಬೆರಳು.

ನಾಲ್ಕನೇ ಮಹಡಿ. ಸುತ್ತಿ ಸುತ್ತಿ ಇಳಿದದ್ದು. ಇನ್ನೂ ಫಾಸ್ಟ್ ಲಾ ಅಂದಿದ್ದಳು...

೧೮ ಮಾರ್ಚ್, ಸೋಮವಾರ

ಮಿಸ್ಟರ್ ಟಿಯೋ ಟೇಬಲ್ ಮೇಲೆ ಲೆಟರ್ ಇಟ್ಟರು. ಸೇತುರಾಮ್ ಅವರನ್ನು ಕೆಲಸದಿಂದ ತೆಗೆಯುವ ಲೆಟರ್, ಟೈಪ್ ಆಗಿತ್ತು. ಕಾರಣ: ಬ್ರೇಕಿಗೆ ತಪ್ಪು ಆಯಿಲ್ ಹಾಕಿ ಅಪಾಯ ಉಂಟುಮಾಡಿದ್ದು. ಸೆಕ್ಷನ್ ಹೆಡ್ ಅಂತ ಕೆಳಗೆ ನನ್ನ ಸಹಿಗೆ ಜಾಗ.

ಪೆನ್ನು ತೆಗೆದೆ. ಅವರ ಹೆಸರು ಹೊಡೆದು ಹಾಕಿ, ಮೇಲೆ ನನ್ನ ಹೆಸರು ಬರೆದೆ. ಕಾಮಾಕ್ಷಿ ಬದರಿನಾಥ್, ಪೂರ್ತಿಯಾಗಿ. ಸಹಿ ಮಾಡಿ ವಾಪಸ್ ಕೊಟ್ಟೆ.

ತುಂಬಾ ಹೊತ್ತು ಓದಿದರು. ಒಂದೇ ಸಾಲು ಇದ್ದದ್ದು.

"ನೀನು ಇಂಜಿನಿಯರ್," ಅಂದರು.

"ಹೌದು. ಅದಕ್ಕೇ ಹಾಕಿದೆ. ಗೊತ್ತು ಅಂದುಕೊಂಡು."

ಎದ್ದು ಬಾಗಿಲು ಹಾಕಿ ಬಂದರು. ದನಿ ಇಳಿಸಿ ಹೇಳಿದರು — ಮುಂದಿನ ತಿಂಗಳು ಜಪಾನಿನ ಕಸ್ಟಮರ್ ಆಡಿಟ್ ಇದೆ. ನನ್ನ ಸೆಕ್ಷನ್ ಹೆಡ್ ಹೀಗೆ ಮಾಡಿದಳು ಅಂತ ಕಾಗದದಲ್ಲಿ ಇರಬಾರದು. ಆ ಮನುಷ್ಯ ಹೇಗೂ ಮೂರು ವರ್ಷದಲ್ಲಿ ರಿಟೈರ್ ಆಗೋನು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ.

"ನಾನು ಹೇಳಿದ್ದೀನಿ, ಮಿಸ್ಟರ್ ಟಿಯೋ. ನಾಳೆ ಸೇತುರಾಮ್ ಅವರಿಗೂ ಹೇಳ್ತೀನಿ. ಆಡಿಟ್‌ನವರು ಕೇಳಿದರೆ ಅವರಿಗೂ."

ಸೇತುರಾಮ್ ಅವರನ್ನು ತೆಗೆಯುವ ಮಾತು ಅಲ್ಲಿಗೆ ನಿಂತಿತು.

ಮೆಂಟೆನೆನ್ಸ್ ಇವತ್ತಿನಿಂದ ನನ್ನದಲ್ಲ ಅಂದರು. ಪ್ರೊಡಕ್ಷನ್ ಮಾತ್ರ. ಸರಿ. ಹೋಗುವ ಮುಂಚೆ ಪ್ರೆಸ್ ಆಯಿಲ್ ಡ್ರಮ್ಮಿನ ಮೇಲೆ ದಪ್ಪ ಅಕ್ಷರದ ನೋಟೀಸು ಅಂಟಿಸಿ ಬಂದೆ. ಇದು ಗಾಡಿಗೆ ಅಲ್ಲ. ಇಂಗ್ಲಿಷಿನಲ್ಲಿ ನಾನು ಬರೆದೆ, ಚೈನೀಸ್, ತಮಿಳು, ಮಲಾಯ್ ಬರೆಸಿದೆ.

ಮನೆಯಲ್ಲಿ ಬದರಿಗೆ ಎಲ್ಲಾ ಹೇಳಿದೆ. ತಮಾಷೆ ಮಾಡಲಿಲ್ಲ. "ಶನಿವಾರ ಗಗನಾ ಇದ್ದಳಾ ಅದರಲ್ಲಿ?" ಅಂತ ಕೇಳಿದರು. ಹೂಂ ಅಂದೆ. ಎದ್ದು ಹೋಗಿ ಅವಳ ರೂಮಿನ ಬಾಗಿಲಲ್ಲಿ ನಿಂತರು.

೧೯ ಮಾರ್ಚ್, ಮಂಗಳವಾರ

ಕ್ಯಾಂಟೀನ್. ಸೇತುರಾಮ್ ಒಂಟಿ ಕೂತಿದ್ದರು, ಮೊಣಕಾಲಿಗೆ ಪಟ್ಟಿ. ಎದುರಿಗೆ ಕೂತು ಹೇಳಿದೆ. ಯಾವ ಡ್ರಮ್, ಎಷ್ಟು, ಯಾವ ದಿನ. ಪೀಠಿಕೆ ಹಾಕಲಿಲ್ಲ.

ಅವರು ಪರೋಟ ಹರಿಯುತ್ತಿದ್ದವರು ನಿಲ್ಲಿಸಿದರು.

"ಲಿಮ್ ಯಾವತ್ತು ಹೇಳಿದ್ದು?"

"ಗುರುವಾರ."

"ಇವತ್ತು ಮಂಗಳವಾರ." ಬೆರಳು ಮಡಚಿ ಎಣಿಸಿದರು. "ಐದು ದಿನ ನಾ ತಲೆ ಕೆಡಿಸ್ಕೊಂಡಿದ್ದೀನಿ ಮೇಡಂ. ಮೂವತ್ತು ವರ್ಷ ಗಾಡಿ ಹೊಡೆದೋನು, ನಾನೇ ಏನೋ ಮರೆತ್ನಾ ಅಂತ. ನನ್ ಹೆಂಡ್ತಿ ಕಣ್ಣಿಗೆ ಬಟ್ಟೆ ಕಟ್ಕೊಂಡು ಕೂತು ಕೇಳ್ತಾಳೆ, ನನ್ ಚಿಂತೇಲಿ ನೀವು ಬೇರೆ ಏನಾದ್ರೂ ಹಾಕಿಬಿಟ್ರಾ ಅಂತ."

"ತಪ್ಪಾಯ್ತು."

"ಎಣ್ಣೆ ಹಾಕಿದ್ದು ಬಿಡಿ. ಯಾರಾದ್ರೂ ಮಾಡ್ತಾರೆ. ಅವತ್ತು ಯಾರಾದ್ರೂ ಏನಾದ್ರೂ ಮಾಡಿದ್ರಾ ಅಂತ ಕೇಳ್ದೆ ನಾನು. ಕೇಳ್ದೆ ತಾನೇ?"

ಕೇಳಿದ್ದರು.

ಪರೋಟ ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಹೋದರು. ಕುಂಟುತ್ತಿದ್ದರು. ಹಿಂದೆ ಹೋಗಲಿಲ್ಲ. ಕ್ಷಮಿಸಿ ಅಂತ ಎರಡನೇ ಸಲ ಹೇಳಿದರೆ ಅದು ನನ್ನ ಸಮಾಧಾನಕ್ಕೆ.

೨೩ ಮಾರ್ಚ್, ಶನಿವಾರ. ಬೆಳಿಗ್ಗೆ ೭.೨೦

ಗಾಡಿ ನಿನ್ನೆ ಬಂತು. ಲಿಮ್ ಹಳೇ ರಬ್ಬರ್ ಒಂದೂ ಉಳಿಸಿಲ್ಲ. ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರದ ಸೀಲ್, ಹೋಸ್ ಎಲ್ಲಾ ಹೊಸದು. ಪೈಪು ತೊಳೆದು ಹೊಸ ಆಯಿಲ್ ತುಂಬಿದ್ದಾನೆ.

ಸೇತುರಾಮ್ ಕೀ ತೆಗೆದುಕೊಳ್ಳಲಿಲ್ಲ. ವಾರದಲ್ಲಿ ಮೊದಲ ಸಲ ನನ್ನ ಟೇಬಲ್ ಹತ್ತಿರ ಬಂದು ಹೇಳಿದರು: "ಲೋಡ್ ಹಾಕಿ ರಾಂಪಿಂದ ಮೊದಲು ನೀವು ಇಳಿಸಿ. ನಾ ಪಕ್ಕದಲ್ಲಿ ಕೂತಿರ್ತೀನಿ. ಆಮೇಲೆ ಗಾಡಿ ನಂದು."

ಒಪ್ಪಿದೆ.

ಈಗ ರಾಂಪಿನ ಮೇಲೆ ನಿಂತಿದ್ದೇನೆ. ಸ್ಟಿಯರಿಂಗ್ ಮೇಲೆ ಡೈರಿ. ಹಿಂದೆ ಎಂಟುನೂರು ಕಿಲೋ. ಕೆಳಗೆ ಯಾರೂ ಇಲ್ಲ, ಎರಡು ಸಲ ಇಳಿದು ಹೋಗಿ ನೋಡಿ ಬಂದೆ. ಪೆಡಲ್ ಒಂದಿಂಚು ಹೋಗಿ ಗಟ್ಟಿ ನಿಲ್ಲುತ್ತೆ. ಒತ್ತಿ ಹಿಡಿದು ಅರವತ್ತು ಎಣಿಸಿದೆ, ಇಳಿಯಲಿಲ್ಲ. ಮತ್ತೆ ಅರವತ್ತು. ನಿಲ್ಲುತ್ತೆ. ನನಗೆ ಗೊತ್ತು ಅಂತ ಅಲ್ಲ, ನೋಡಿದ್ದೇನೆ ಅಂತ ಬರೆಯುತ್ತಿದ್ದೇನೆ.

ಸೇತುರಾಮ್ ನಾಲ್ಕನೇ ಚಕ್ರವನ್ನೂ ಬಗ್ಗಿ ನೋಡಿ ಎದ್ದರು. ಕೈ ಪ್ಯಾಂಟಿಗೆ ಒರೆಸಿಕೊಂಡು ಹತ್ತಿ ಕೂತರು. ಬೆಲ್ಟ್ ಹಾಕಿಕೊಂಡರು. ನೆಟ್ಟಗೆ ಮುಂದೆ ನೋಡುತ್ತಾ, "ಬರೆದಿದ್ದು ಸಾಕು ಮೇಡಂ, ಬಿಡಿ ಗಾಡಿ" ಅಂದರು. ಡೈರಿ ಮುಚ್ಚುತ್ತೇನೆ.