ನೆರಡಿ ಕಾಯ್ದ ದಿಬ್ಬ

ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು, ಕಾರ್ತಿಕ ಮಾಸ.

ದನಕುರಿ ಕಾಯುತ್ತಿದ್ದ ನಮ್ಮ ಹಿರಿಯರಿಗೆ ಕೆಂಚವ್ವನ ನಮಸ್ಕಾರಗಳು.

ನಾನಿನ್ನೂ ಹುಟ್ಟಿರದ ಕಾಲದಲ್ಲಿ ಕೂತು ನೀವು ಇದನ್ನು ಓದುತ್ತಿದ್ದೀರಿ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮಲ್ಲಿ ಈಗ ಸತ್ತ ಕುರಿಯನ್ನು ಯಾರೂ ಮುಟ್ಟುವುದಿಲ್ಲ. ಬೂದಿಬಂಡಿ ಬರುತ್ತದೆ; ಪ್ರಾಣಿಯನ್ನು ಬಿದ್ದಲ್ಲೇ ಸುಟ್ಟು ಬೂದಿ ಮಾಡುವ ಗಾಡಿ ಅದು. ಅದರ ಹೊಗೆ ಕಂಡರೆ ಅಕ್ಕಪಕ್ಕದವರು ತಮ್ಮ ಹಿಂಡುಗಳನ್ನು ದೂರ ಹೊಡೆದುಕೊಂಡು ಹೋಗುತ್ತಾರೆ. ಕುರಿ ಕಳೆದುಕೊಂಡ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ನೆರೆಯವರು ರೊಟ್ಟಿ, ಪುಂಡಿಪಲ್ಯೆ ತಂದುಕೊಡುತ್ತಾರೆ. ಇಷ್ಟನ್ನೆಲ್ಲ ನಾವು ಕಲಿತದ್ದು ತಡವಾಗಿ, ನನ್ನ ಅತ್ತೆ ಹುಲಿಗೆವ್ವ ಹೋದ ಮೇಲೆ.

ಆಗ ನಾನು ಈ ಮನೆಗೆ ಹೊಸಬಳು. ಹಳ್ಳದ ದಂಡೆಯ ದಿಬ್ಬದಲ್ಲಿ ಕುರಿದೊಡ್ಡಿ ಕಟ್ಟಲೆಂದು ನನ್ನ ಗಂಡ ಬಾಳಪ್ಪ ಪಾಯ ಅಗೆದ. ಮೊಣಕಾಲಿನಷ್ಟು ಆಳದಲ್ಲೇ ದನದ ಎಲುಬುಗಳು ಸಿಕ್ಕವು, ಒಂದರ ಮೇಲೊಂದು. ನಿಮ್ಮ ಕಾಲದವು. ಅವನ್ನು ಬದಿಗೆಸೆದು ಕೆಲಸ ಮುಂದುವರಿಸಿದ. ಮಳೆ ಬಿತ್ತು, ಕೆದರಿದ ಮಣ್ಣಿನಲ್ಲಿ ಎಳೆಹುಲ್ಲು ಚಿಗುರಿತು, ಕುರಿಗಳು ಬುಡಕ್ಕೆ ಬಾಯಿ ಹಾಕಿ ಮೇಯ್ದವು.

ಮೊದಲು ಬಿದ್ದದ್ದು ಅತ್ತೆಯ ಮೆಚ್ಚಿನ ಕರಿಕುರಿ. ಮೂಗಿನಿಂದ ಹರಿದ ಕಪ್ಪು ನೆತ್ತರು ಹೆಪ್ಪುಗಟ್ಟಲೇ ಇಲ್ಲ.

"ಯವ್ವಾ, ಮುಟ್ಟಬ್ಯಾಡ" ಎಂದು ಬಾಳಪ್ಪ ಕೂಗಿದ.

ಅತ್ತೆ ಆಗಲೇ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಮೂಗು ಒರೆಸುತ್ತಿದ್ದರು. "ಬಾಟ್ಲಿ ಹಾಲು ಕುಡಿಸಿ ಬೆಳಸೇನಿ ಇದನ್ನ. ಸಾಯೂ ಮುಂದ ಹ್ಯಾಂಗ ಬಿಡ್ಲಿ?" ಎಂದರು.

ಕೆಲವು ದಿನಗಳಲ್ಲಿ ಅವರ ಮುಂಗೈ ಮೇಲೆ ಗುಳ್ಳೆಯೊಂದು ಎದ್ದು, ನಡುವೆ ಇದ್ದಿಲಿನಂತೆ ಕಪ್ಪಾಯಿತು.

"ದವಾಖಾನಿಗೆ ಹೋಗೂಣ ಬರ್ರಿ, ಅತ್ತಿ" ಎಂದೆ.

"ನೋಯಾಂಗಿಲ್ಲ ಬಿಡವಾ" ಎಂದು ಸೆರಗು ಮುಚ್ಚಿಕೊಂಡರು.

ನೋಯದಿರುವುದೇ ಆ ಹುಣ್ಣಿನ ಗುಣವಂತೆ. ಜ್ವರ ಏರಿ ಉಸಿರು ಕಟ್ಟತೊಡಗಿದಾಗ ವೈದ್ಯರು ಬಂದರು. ಇದು ನೆರಡಿ ರೋಗ, ಅಂದರೆ ಆಂತ್ರಾಕ್ಸ್, ದಿಬ್ಬದ ಆ ದನಗಳೂ ಇದರಿಂದಲೇ ಸತ್ತಿರಬೇಕು, ಇದರ ರೋಗಾಣುಗಳು ಮಣ್ಣಿನಲ್ಲಿ ತಲೆಮಾರುಗಟ್ಟಲೆ ಸಾಯದೆ ಇರುತ್ತವೆ, ಮೊದಲೇ ತೋರಿಸಿದ್ದರೆ ಮದ್ದಿತ್ತು ಎಂದರು. ಅಂದೇ ಸಂಜೆ ಅತ್ತೆ ತೀರಿಕೊಂಡರು. ಬಾಳಪ್ಪ ಆಮೇಲೆ ಕುರಿ ಸಾಕಲಿಲ್ಲ.

ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ. ಆಳವಾಗಿ ತೋಡಲಾಗದಷ್ಟು ನೆಲ ಗಟ್ಟಿಯಿತ್ತೇನೋ, ಸಾಕಿದ ದನ ಸತ್ತು ಕೈಕಾಲು ಸೋತಿದ್ದವೇನೋ. ಆದರೂ ಕೇಳಿಕೊಳ್ಳುತ್ತೇನೆ: ತಟ್ಟನೆ ಸತ್ತ ಪ್ರಾಣಿಯನ್ನು ಕೊಯ್ಯಬೇಡಿ, ಸುಲಿಯಬೇಡಿ, ಹಳ್ಳಕ್ಕೆ ಎಸೆಯಬೇಡಿ. ಪಶುವೈದ್ಯರನ್ನು ಕರೆಸಿ. ಅವರು ಹೇಳಿದಂತೆ ಸುಡಿ. ಇಲ್ಲವೇ ನೀರಿನಿಂದ ದೂರದಲ್ಲಿ ಆಳವಾಗಿ ತೋಡಿ, ಸುಣ್ಣ ಸುರಿದು ಹೂಳಿ. ಮೇಲೊಂದು ಕಲ್ಲು ನೆಡಿ. ಮುಂದೆಂದಾದರೂ ಅಲ್ಲಿ ಗುದ್ದಲಿ ಎತ್ತಿದವನು ಅದನ್ನು ಕಂಡು ಕೈ ತಡೆಯಲಿ. ಅವನ ತಾಯಿ ಇನ್ನೊಂದಿಷ್ಟು ವರ್ಷ ಬದುಕಲಿ.